ಕಣ್ಣಿಗೆ ಬೀಳದ ನಡೆ



ಚದುರಂಗದ ಬಗ್ಗೆ ಮಾತಾಡುವವರು ಅದು ನಮ್ಮಲ್ಲಿ ಹುಟ್ಟಿತು, ಪರ್ಷಿಯಾಕ್ಕೆ ಹೋಯಿತು, ಅಲ್ಲಿಂದ ಯುರೋಪಿಗೆ ದಾಟಿತು ಎಂದು ಶುರುಮಾಡುವುದು ವಾಡಿಕೆ. ಆ ಕಥೆ ನಿಮಗೆ ಗೊತ್ತಿದೆ, ಬಿಡುತ್ತೇನೆ. ನಾನು ಹಿಡಿದು ಬಂದಿರುವ ಪ್ರಶ್ನೆ ಒಂದೇ. ಮಣೆಯ ಮೇಲೆ ಗೆಲ್ಲುವ ನಡೆಯೊಂದು ಇದೆ. ಕಾಯಿಗಳೆಲ್ಲ ಕಣ್ಣೆದುರೇ ನಿಂತಿವೆ. ಇಸ್ಪೀಟಿನ ಮುಚ್ಚಿಟ್ಟ ಎಲೆ ಇಲ್ಲ, ದಾಳದ ಅದೃಷ್ಟವಿಲ್ಲ. ಆದರೂ ಒಬ್ಬರಿಗೆ ಅದು ಕಾಣುತ್ತದೆ, ಇನ್ನೊಬ್ಬರಿಗೆ ಅರ್ಧ ಗಂಟೆ ದಿಟ್ಟಿಸಿದರೂ ಕಾಣುವುದಿಲ್ಲ. ಏಕೆ?

ಈ ಮಾತುಗಳನ್ನಾಡಿದ ಸಭೆಯಲ್ಲಿ ದೊಡ್ಡ ಬೋರ್ಡಿನ ಮೇಲೆ ತೋರಿಸಿದ್ದನ್ನು ಅಚ್ಚಿಗಾಗಿ ಇಲ್ಲಿ ಮಾತಿನಲ್ಲಿ ಬರೆದಿದ್ದೇನೆ. ಓದುವವರು ಪಕ್ಕದಲ್ಲಿ ಒಂದು ಮಣೆ ಇಟ್ಟುಕೊಂಡರೆ ಒಳ್ಳೆಯದು. ಬಿಳಿಯ ಎಡಗಡೆಯಿಂದ ಎ, ಬಿ, ಸಿ ಎಂದು ಎಚ್‌ವರೆಗೆ ನೇರ ಸಾಲುಗಳು. ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಡ್ಡ ಸಾಲುಗಳು. ಹಳಬರ ಮಂತ್ರಿಯನ್ನು ಈಗಿನ ಮಕ್ಕಳಂತೆ ರಾಣಿ ಎನ್ನುತ್ತೇನೆ, ಒಂಟೆಯನ್ನು ಬಿಷಪ್ ಎನ್ನುತ್ತೇನೆ. ಆನೆ, ಕುದುರೆ, ಕಾಲಾಳು ಇದ್ದಂತೆಯೇ ಇರಲಿ.

ಮೊದಲು ನಾಲ್ಕೇ ಕಾಯಿ ಇಡಿ. ಬಿಳಿ ರಾಜ ಬಿ6ರಲ್ಲಿ, ಬಿಳಿ ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ1ರ ಮೂಲೆಯಲ್ಲಿ, ಕಪ್ಪು ಆನೆ ಡಿ5ರಲ್ಲಿ. ನಡೆ ಬಿಳಿಯದು.

ಕಾಲಾಳು ಸಿ7ಕ್ಕೆ ಹೋಗುತ್ತದೆ. ಇನ್ನೊಂದು ಹೆಜ್ಜೆ ಇಟ್ಟರೆ ರಾಣಿ. ಕಪ್ಪು ಆನೆ ಡಿ6ಕ್ಕೆ ಬಂದು ಚೆಕ್ ಕೊಡುತ್ತದೆ. ಬಿಳಿ ರಾಜ ಎಲ್ಲಿಗೆ ಹೋಗಬೇಕು? ಬಿ7ಕ್ಕೆ ಹೋದರೆ ಆನೆ ಡಿ7ಕ್ಕೆ ಬಂದು ಕಾಲಾಳನ್ನು ಪಿನ್ ಮಾಡುತ್ತದೆ, ಅಂದರೆ ಹಿಂದೆ ರಾಜನಿರುವುದರಿಂದ ಅದು ಕದಲುವಂತಿಲ್ಲ. ಸಿ5ಕ್ಕೆ ಹೋದರೆ ಆನೆ ಡಿ1ಕ್ಕೆ ಇಳಿದು ಕೂರುತ್ತದೆ. ಕಾಲಾಳು ರಾಣಿಯಾದ ಕೂಡಲೇ ಸಿ1ರಿಂದ ಚೆಕ್, ರಾಜ ಸರಿದರೆ ಹಿಂದಿದ್ದ ಹೊಸ ರಾಣಿ ಹೋಯಿತು. ಹಾಗಾಗಿ ರಾಜ ಬಿ ಸಾಲಿನಲ್ಲೇ ಒಂದೊಂದು ಮನೆ ಕೆಳಗಿಳಿಯಬೇಕು. ಬಿ5, ಆನೆ ಡಿ5ರಿಂದ ಚೆಕ್. ಬಿ4, ಡಿ4ರಿಂದ ಚೆಕ್. ಬಿ3, ಡಿ3ರಿಂದ ಚೆಕ್. ಈಗ ರಾಜ ಸಿ2ಕ್ಕೆ ಬರುತ್ತಾನೆ. ಡಿ1 ಅವನ ಕೈಗೆಟಕುವ ಮನೆಯಾದ್ದರಿಂದ ಆನೆಯ ಹಳೆಯ ಯುಕ್ತಿ ನಡೆಯುವುದಿಲ್ಲ. ಕಾಲಾಳನ್ನು ತಡೆಯುವವರು ಯಾರೂ ಇಲ್ಲ.

ಇಲ್ಲಿ ಕಪ್ಪು ಒಂದು ಸೊಗಸಾದ ನಡೆ ತೆಗೆಯುತ್ತದೆ: ಆನೆ ಡಿ4ಕ್ಕೆ. ಕಾಲಾಳು ರಾಣಿಯಾಗಲಿ, ಆನೆ ಸಿ4ಕ್ಕೆ ಬಂದು ಚೆಕ್ ಕೊಟ್ಟು ಬಲಿಯಾಗುತ್ತದೆ. ರಾಣಿ ಅದನ್ನು ಹೊಡೆಯದೆ ವಿಧಿಯಿಲ್ಲ. ಹೊಡೆದರೆ ಸಿ4ರ ರಾಣಿ ಎ2ರ ಮನೆಯನ್ನು ಕಾಯುತ್ತದೆ, ಬಿಳಿ ರಾಜ ಬಿ1, ಬಿ2ಗಳನ್ನು ಕಾಯುತ್ತಾನೆ. ಕಪ್ಪು ರಾಜನಿಗೆ ಚೆಕ್ ಇಲ್ಲ, ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್, ಆಟ ಡ್ರಾ.

1895ರಲ್ಲಿ ಗ್ಲಾಸ್ಗೋದ ವಾರಪತ್ರಿಕೆಯೊಂದರಲ್ಲಿ ಚೆಸ್ ಅಂಕಣ ಬರೆಯುತ್ತಿದ್ದ ಬಾರ್ಬಿಯೆ ಅವರು ಹಳೆಯ ಪಂದ್ಯವೊಂದರ ಕೊನೆಯನ್ನು ನೆನಪಿಸಿಕೊಂಡು ಕಟ್ಟಿದ ಸಮಸ್ಯೆ ಇದು. ಇದಕ್ಕೆ ಅವರು ಕೊಟ್ಟ ಉತ್ತರವೂ ಡ್ರಾ ಎಂದೇ. ಆ ಊರಿನಲ್ಲಿದ್ದ ಸ್ಪೇನಿನ ಪಾದ್ರಿ ಫರ್ನಾಂಡೊ ಸಾವೆದ್ರ ಆಟಗಾರರಾಗಿ ಹೆಸರು ಮಾಡಿದವರೇನಲ್ಲ. ಆದರೆ ಅವರು ಒಂದು ಸಂಗತಿಯನ್ನು ಎತ್ತಿ ತೋರಿಸಿದರು. ಸಿ8ಕ್ಕೆ ಮುಟ್ಟಿದ ಕಾಲಾಳು ರಾಣಿಯೇ ಏಕಾಗಬೇಕು? ಆನೆಯಾಗಲಿ. ಆನೆಗೆ ಎ2ರ ಮೇಲೆ ಹಿಡಿತವಿಲ್ಲ, ಆದ್ದರಿಂದ ಸ್ಟೇಲ್‌ಮೇಟ್ ಇಲ್ಲ. ಅದೇ ಹೊತ್ತಿಗೆ ಎ8ಕ್ಕೆ ಹೋಗಿ ಮೇಟ್ ಮಾಡುವ ಬೆದರಿಕೆ ಇದೆ. ಅದನ್ನು ತಡೆಯಲು ಕಪ್ಪು ಆನೆ ಎ4ಕ್ಕೆ ಓಡಬೇಕು. ಆಗ ಬಿಳಿ ರಾಜ ಬಿ3ಕ್ಕೆ. ಒಂದು ಕಡೆ ಕಪ್ಪು ಆನೆ ಹೋಗುತ್ತದೆ, ಇನ್ನೊಂದು ಕಡೆ ಸಿ1ರಲ್ಲಿ ಮೇಟ್ ಕಾದಿದೆ. ಎರಡನ್ನೂ ತಡೆಯುವ ನಡೆ ಇಲ್ಲ. ಬಿಳಿಗೆ ಗೆಲುವು. ಈ ಒಂದು ನಡೆಯಿಂದಾಗಿ ಆ ಸ್ಥಿತಿಗೆ ಇವತ್ತಿಗೂ ಸಾವೆದ್ರ ಎಂದೇ ಹೆಸರು; ಪಾಪ, ಕಟ್ಟಿದ ಬಾರ್ಬಿಯೆ ಹೆಸರು ಹಿಂದೆ ಬಿತ್ತು.

ಇಲ್ಲಿ ಲೆಕ್ಕ ತಪ್ಪಿದವರು ಯಾರೂ ಇಲ್ಲ ಎಂಬುದನ್ನು ಗಮನಿಸಿ. ಆನೆಯನ್ನು ಡಿ4ಕ್ಕೆ ತಂದು ಬಲಿಕೊಡುವ ಯುಕ್ತಿಯನ್ನು ಕಂಡ ಬಾರ್ಬಿಯೆಗೆ ದೂರದವರೆಗೆ ಲೆಕ್ಕ ಹಾಕುವ ಶಕ್ತಿ ಧಾರಾಳವಾಗಿತ್ತು. ಸಿ8ರಲ್ಲಿ ಆನೆ ಎಂಬ ನಡೆಯನ್ನು ಅವರು ನೋಡಿ, ತೂಗಿ, ಬೇಡವೆಂದು ಬಿಟ್ಟವರೂ ಅಲ್ಲ. ಅದು ಅವರ ಮನಸ್ಸಿನ ಪಟ್ಟಿಗೇ ಬರಲಿಲ್ಲ. ಕೊನೆಯ ಸಾಲು ಮುಟ್ಟಿದರೆ ರಾಣಿ ಎಂದು ಕೈ ತಾನಾಗಿ ಹೇಳಿತು, ಮನಸ್ಸು ಅಲ್ಲಿಗೇ ನಿಂತಿತು. ನನ್ನ ಇವತ್ತಿನ ವಾದವೂ ಇದೇ: ಒಳ್ಳೆಯ ಹೊಡೆತ ತಪ್ಪಿಹೋಗುವುದು ಬಹುಪಾಲು ಲೆಕ್ಕ ಶುರುವಾಗುವ ಮೊದಲೇ.

ಯಾವುದೇ ಮಧ್ಯದಾಟದ ಸ್ಥಿತಿಯಲ್ಲಿ ನಿಯಮದ ಪ್ರಕಾರ ಆಡಬಹುದಾದ ನಡೆಗಳು ಸಾಮಾನ್ಯವಾಗಿ 30ರಿಂದ 40. ಸರಾಸರಿ 35 ಎಂದಿಟ್ಟುಕೊಂಡು, ನನ್ನದು ಮೂರು ಎದುರಾಳಿಯದು ಮೂರು ನಡೆ ಮುಂದೆ ನೋಡುತ್ತೇನೆಂದರೆ ಸುಮಾರು 184 ಕೋಟಿ ದಾರಿಗಳು. ಯಾವ ಮನುಷ್ಯನೂ ಅವನ್ನೆಲ್ಲ ನೋಡಲಾರ. ಆದ್ದರಿಂದ ಆಟಗಾರ ಮಾಡುವ ಮೊದಲ ಕೆಲಸ, ತನಗೇ ತಿಳಿಯದಂತೆ ಮಾಡುವ ಕೆಲಸ, ನಡೆಗಳನ್ನು ಹೊರಗಿಡುವುದು. 35ರಲ್ಲಿ 31 ನಡೆಗಳು ವಿಚಾರಣೆಯೇ ಇಲ್ಲದೆ ಹೋಗುತ್ತವೆ. ಹೋಗಲೇಬೇಕು. ಹಾಗೆ ಹೋದವುಗಳಲ್ಲಿ ಒಮ್ಮೊಮ್ಮೆ ಗೆಲ್ಲುವ ನಡೆಯೂ ಇರುತ್ತದೆ.

ಇದನ್ನು ಮೊದಲು ಕೂಲಂಕಷವಾಗಿ ಪರೀಕ್ಷಿಸಿದವರು ಹಾಲೆಂಡಿನ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್. ಅವರೇ ಗಟ್ಟಿ ಆಟಗಾರ, ಚೆಸ್ ಒಲಿಂಪಿಯಾಡ್‌ನಲ್ಲಿ ತಮ್ಮ ದೇಶಕ್ಕೆ ಆಡಿದವರು. ಅಲೆಖಿನ್, ಯೂವೆ, ಕೆರೆಸ್‌ರಂಥ ಘಟಾನುಘಟಿಗಳನ್ನೂ ಸಾಧಾರಣ ಕ್ಲಬ್ ಆಟಗಾರರನ್ನೂ ಒಂದೇ ಸ್ಥಿತಿಯ ಮುಂದೆ ಕೂರಿಸಿ, ಯೋಚನೆಯನ್ನು ಬಾಯಿಬಿಟ್ಟು ಹೇಳಿ ಎಂದರು, ಹೇಳಿದ್ದನ್ನೆಲ್ಲ ಬರೆದುಕೊಂಡರು. 1946ರಲ್ಲಿ ಅದು ಅವರ ಪ್ರಬಂಧವಾಗಿ ಹೊರಬಂತು. ದೊಡ್ಡವರು ಹತ್ತು ನಡೆ ಮುಂದೆ ನೋಡುತ್ತಾರೆ, ಚಿಕ್ಕವರು ಎರಡು ನಡೆ ನೋಡುತ್ತಾರೆ ಎಂದು ನಾವೆಲ್ಲ ನಂಬಿದ್ದೇವಲ್ಲ, ಪ್ರಯೋಗದಲ್ಲಿ ಹಾಗೆ ಕಾಣಲಿಲ್ಲ. ಎಷ್ಟು ಆಳಕ್ಕೆ ನೋಡುತ್ತಾರೆ, ಎಷ್ಟು ನಡೆಗಳನ್ನು ನೋಡುತ್ತಾರೆ ಎಂಬುದರಲ್ಲಿ ಭಾರೀ ಅಂತರವಿರಲಿಲ್ಲ. ಅಂತರವಿದ್ದದ್ದು ಯಾವ ನಡೆಗಳನ್ನು ನೋಡಲು ಆರಿಸಿಕೊಳ್ಳುತ್ತಾರೆ ಎಂಬುದರಲ್ಲಿ. ಗ್ರ್ಯಾಂಡ್‌ಮಾಸ್ಟರ್‌ಗಳ ಬಾಯಿಂದ ಮೊದಲ ನಿಮಿಷದಲ್ಲೇ ಬಂದ ಹೆಸರುಗಳ ನಡುವೆ ಒಳ್ಳೆಯ ನಡೆ ಇರುತ್ತಿತ್ತು. ಕ್ಲಬ್ ಆಟಗಾರ ತಪ್ಪು ನಡೆಯನ್ನೇ ಶ್ರದ್ಧೆಯಿಂದ ಅಗೆಯುತ್ತಿದ್ದ.

1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇದನ್ನು ಮುಂದುವರಿಸಿದರು. ಸೈಮನ್ ಎಂದರೆ ಮುಂದೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರೇ. ನಿಜವಾದ ಆಟದ ಒಂದು ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರೆ ಮಾಸ್ಟರ್ ಬಹಳಷ್ಟು ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಇಟ್ಟು ತೋರಿಸುತ್ತಾನೆ. ಹೊಸಬ ನಾಲ್ಕೈದಕ್ಕೆ ನಿಲ್ಲುತ್ತಾನೆ. ಅವೇ ಕಾಯಿಗಳನ್ನು ಅರ್ಥವಿಲ್ಲದೆ ಚೆಲ್ಲಾಪಿಲ್ಲಿ ಇಟ್ಟು ತೋರಿಸಿದರೆ ಮಾಸ್ಟರನ ಮೇಲುಗೈ ಬಹುಪಾಲು ಕರಗಿಹೋಗುತ್ತದೆ. ಹಾಗಾದರೆ ಅವನ ಬಂಡವಾಳ ಜ್ಞಾಪಕಶಕ್ತಿಯಲ್ಲ, ಪರಿಚಯ. ಸಂತೆಯಲ್ಲಿ ನಮ್ಮೂರಿನವರ ಮುಖ ನಮಗೆ ಹುಡುಕದೆಯೇ ಸಿಗುವ ಹಾಗೆ ಅವನಿಗೆ ಆ ಜೋಡಣೆಗಳು ಸಿಗುತ್ತವೆ: ಮೂಲೆಯ ರಾಜ, ಎದುರಿಗೆ ಕುದುರೆ, ತೆರೆದ ಸಾಲಿನಲ್ಲಿ ಆನೆ.

ಪರಿಚಯವೇ ಎಲ್ಲ ಎಂದು ನೀವು ತೀರ್ಮಾನಿಸುವ ಮೊದಲು ಒಂದು ಹಳೆಯ ಬಲೆಯನ್ನು ತೋರಿಸುತ್ತೇನೆ. ತರಗತಿಗೆ ಹೋಗುವ ಮಕ್ಕಳಿಗೆ ಇದು ಬಾಯಿಪಾಠ. 18ನೇ ಶತಮಾನದ ಪ್ಯಾರಿಸ್‌ನ ಆಟಗಾರ ಲೆಗಾಲ್ ಅವರ ಹೆಸರಿನಲ್ಲಿದೆ. ಬಿಳಿ ಇ4, ಕಪ್ಪು ಇ5. ಕುದುರೆ ಎಫ್3, ಕಾಲಾಳು ಡಿ6. ಬಿಷಪ್ ಸಿ4, ಕಪ್ಪು ಬಿಷಪ್ ಜಿ4ಕ್ಕೆ ಬಂದು ಕುದುರೆಯನ್ನು ರಾಣಿಗೆ ಪಿನ್ ಮಾಡುತ್ತದೆ. ಇನ್ನೊಂದು ಬಿಳಿ ಕುದುರೆ ಸಿ3ಕ್ಕೆ, ಕಪ್ಪು ಕಾಲಾಳು ಜಿ6ಕ್ಕೆ. ಈಗ ಪಿನ್ ಆಗಿರುವ ಕುದುರೆಯೇ ಎದ್ದು ಇ5ರ ಕಾಲಾಳನ್ನು ಹೊಡೆಯುತ್ತದೆ. ರಾಣಿ ಪುಕ್ಕಟೆ ಸಿಕ್ಕಿತೆಂದು ಕಪ್ಪು ಬಿಷಪ್ ಡಿ1ಕ್ಕೆ ನುಗ್ಗಿತು. ಬಿಳಿ ಬಿಷಪ್ ಎಫ್7ರಲ್ಲಿ ಹೊಡೆದು ಚೆಕ್, ರಾಜ ಇ7ಕ್ಕೆ, ಸಿ3ರ ಕುದುರೆ ಡಿ5ಕ್ಕೆ, ಮೇಟ್. ಮೂರು ಸಣ್ಣ ಕಾಯಿಗಳು ರಾಜನನ್ನು ನಡುಬೀದಿಯಲ್ಲಿ ಹಿಡಿದವು.

ಈಗ ಒಂದೇ ಒಂದು ಬದಲಾವಣೆ ಮಾಡಿ. ಕಪ್ಪು ಜಿ6 ಆಡುವ ಬದಲು ತನ್ನ ಕುದುರೆಯನ್ನು ಸಿ6ಕ್ಕೆ ತಂದಿದೆ ಎಂದುಕೊಳ್ಳಿ. ಉಳಿದ ಚಿತ್ರ ಅದೇ. ಬಲೆಯ ಗುಂಗಿನಲ್ಲಿರುವ ಹುಡುಗ ಖುಷಿಯಿಂದ ಇ5ರಲ್ಲಿ ಹೊಡೆಯುತ್ತಾನೆ. ಕಪ್ಪು ರಾಣಿಯ ತಂಟೆಗೇ ಹೋಗುವುದಿಲ್ಲ. ಸಿ6ರ ಕುದುರೆಯಿಂದ ಇ5ರ ಕುದುರೆಯನ್ನು ಹೊಡೆಯುತ್ತದೆ, ಅಲ್ಲಿಂದಲೇ ಜಿ4ರ ಬಿಷಪ್ಪಿಗೂ ಕಾವಲು ನಿಲ್ಲುತ್ತದೆ. ಒಂದು ಕಾಯಿ ದಂಡ. ಪರಿಚಯ ಒಂದು ನಡೆಯ ಹೆಸರು ಸೂಚಿಸಬಹುದು. ತೀರ್ಪು ಲೆಕ್ಕದಿಂದಲೇ ಬರಬೇಕು. ಈ ಎರಡು ಕೆಲಸಗಳನ್ನು ಕಲೆಸಿಬಿಡುವುದೇ ನಮ್ಮ ಚೆಸ್ ಪಾಠಗಳ ದೊಡ್ಡ ದೋಷ ಎಂಬುದು ನನ್ನ ಅಭಿಪ್ರಾಯ.

ಪರಿಚಯವಿಲ್ಲದ ಚಿತ್ರ ಎದುರಾದರೆ ದೊಡ್ಡವರ ಗತಿಯೂ ಇಷ್ಟೇ. 2006ರ ನವೆಂಬರ್, ಜರ್ಮನಿಯ ಬಾನ್ ನಗರ. ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನ ಎದುರು ಎರಡನೇ ಪಂದ್ಯ ಆಡುತ್ತಿದ್ದರು. ಸ್ಥಿತಿ ಚೆನ್ನಾಗಿತ್ತು. 34ನೇ ನಡೆಯಲ್ಲಿ ಶಾಂತವಾಗಿ ರಾಣಿಯನ್ನು ಇ3ಕ್ಕೆ ಸರಿಸಿದರು. ಕಂಪ್ಯೂಟರ್ ತನ್ನ ರಾಣಿಯನ್ನು ಎಚ್7ಕ್ಕೆ ಇಟ್ಟಿತು. ಮೇಟ್. ಒಂದೇ ನಡೆಯ ಮೇಟ್! ನಮ್ಮ ಮನೆಗಳಲ್ಲಿ ಹತ್ತು ವರ್ಷದ ಮಕ್ಕಳು ಬಿಡಿಸುವಂಥದ್ದು. ವಿವರಣೆ ಮಣೆಯ ಮೇಲೇ ಇತ್ತು. ಎಚ್7ರ ರಾಣಿಗೆ ಬೆಂಬಲ ಕೊಟ್ಟದ್ದು ಎಫ್8ರಲ್ಲಿ ನಿಂತ ಬಿಳಿ ಕುದುರೆ. ಎಚ್7ರಲ್ಲಿ ಮೇಟ್ ಆಗುವಾಗ ಬೆಂಬಲ ಸಾಮಾನ್ಯವಾಗಿ ಜಿ5ರ ಕುದುರೆಯಿಂದಲೋ ಡಿ3ರ ಬಿಷಪ್‌ನಿಂದಲೋ ಬರುತ್ತದೆ. ಆ ಚಿತ್ರ ಪ್ರತಿ ಮಾಸ್ಟರನ ರಕ್ತದಲ್ಲಿದೆ. ಕೊನೆಯ ಸಾಲಿನಲ್ಲಿ ನಿಂತು ಹಿಂದಕ್ಕೆ ಕಾಯುವ ಕುದುರೆಯ ಚಿತ್ರ ಅಪರೂಪ. ಕುದುರೆಯ ಜಿಗಿತ ಎಲ್ಲ ದಿಕ್ಕಿಗೂ ಒಂದೇ ಎಂಬುದು ಕ್ರಾಮ್ನಿಕ್‌ಗೆ ಗೊತ್ತಿಲ್ಲದ್ದೇನಲ್ಲ. (ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ಆಸೆಯಿಂದ ರಚಿಸುತ್ತಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ!)

ಹಾಗಾದರೆ ಪಟ್ಟಿಯನ್ನು ಸರಿಯಾಗಿ ಮಾಡುವುದು ಹೇಗೆ? ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಅಲೆಕ್ಸಾಂಡರ್ ಕೊಟೊವ್ ಬರೆದ ಪುಸ್ತಕ 1971ರಲ್ಲಿ ಇಂಗ್ಲಿಷಿಗೆ ಬಂದು ಜಗತ್ತಿನ ಕೋಚ್‌ಗಳಿಗೆಲ್ಲ ಪಠ್ಯವಾಯಿತು. ಮೊದಲು ಪರಿಗಣಿಸಬೇಕಾದ ನಡೆಗಳನ್ನೆಲ್ಲ ಪಟ್ಟಿಮಾಡು, ಆಮೇಲೆ ಒಂದೊಂದನ್ನೂ ಕೊನೆಯವರೆಗೆ ನೋಡು, ಲೆಕ್ಕದ ಒಂದು ಕೊಂಬೆಗೆ ಎರಡನೇ ಸಲ ಹೋಗಬೇಡ ಎಂಬುದು ಅವರ ಕಟ್ಟುನಿಟ್ಟು. ಮೊದಲ ಭಾಗ ಚಿನ್ನದಂಥ ಮಾತು. ಎರಡನೆಯದು ಮನುಷ್ಯರ ಯೋಚನೆಗೆ ಒಗ್ಗುವುದಿಲ್ಲ. ಡಿ ಗ್ರೂಟ್ ಬರೆದುಕೊಂಡ ದಾಖಲೆಗಳಲ್ಲಿ ದೊಡ್ಡ ಆಟಗಾರರು ಒಂದೇ ನಡೆಗೆ ಮತ್ತೆ ಮತ್ತೆ ಮರಳುತ್ತಾರೆ, ಪ್ರತಿ ಸಲ ಹೊಸದೇನನ್ನೋ ಹೊತ್ತುಕೊಂಡು ಬಂದು ಇನ್ನಷ್ಟು ಆಳಕ್ಕೆ ಇಳಿಯುತ್ತಾರೆ. ಕೊಟೊವ್ ವರ್ಣಿಸಿದ ಇನ್ನೊಂದು ಚಿತ್ರ ಮಾತ್ರ ಅಪ್ಪಟ ಸತ್ಯ: ಎರಡು ನಡೆಗಳ ನಡುವೆ ಅತ್ತಿತ್ತ ಓಡಾಡಿ ದಣಿದ ಆಟಗಾರ ಗಡಿಯಾರ ನೋಡಿ ಬೆಚ್ಚಿ, ಒಂದು ಸಲವೂ ಪರೀಕ್ಷಿಸದ ಮೂರನೇ ನಡೆಯನ್ನು ಆಡಿ ಸೋಲುತ್ತಾನೆ. ಟೂರ್ನಿಗಳಲ್ಲಿ ಇದನ್ನು ವಾರಕ್ಕೊಮ್ಮೆ ನೋಡಬಹುದು.

ಗ್ರ್ಯಾಂಡ್‌ಮಾಸ್ಟರ್ ಮಿಖಾಯಿಲ್ ತಾಲ್‌ಗೆ ಈ ಕಟ್ಟುನಿಟ್ಟುಗಳ ಗೊಡವೆಯೇ ಇರಲಿಲ್ಲ. ವಸ್ಯುಕೊವ್ ಎದುರಿನ ಪಂದ್ಯದಲ್ಲಿ ಕುದುರೆ ಬಲಿಕೊಡಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದಾಗ ಮಕ್ಕಳ ಪದ್ಯವೊಂದರ ನೀರಾನೆ ತಲೆಗೆ ಹೊಕ್ಕಿತಂತೆ. ಜೌಗಿನಿಂದ ನೀರಾನೆಯನ್ನು ಎಳೆದು ತೆಗೆಯುವ ಉಪಾಯಗಳನ್ನು ಯೋಚಿಸುತ್ತಲೇ ಹೊತ್ತು ಕಳೆದು, ಕೊನೆಗೆ ಅದು ಮುಳುಗಲಿ ಎಂದು ಬಿಟ್ಟು, ಕುದುರೆಯನ್ನು ಬಲಿಕೊಟ್ಟು ಗೆದ್ದರು. 40 ನಿಮಿಷ ಕರಾರುವಾಕ್ಕಾಗಿ ಲೆಕ್ಕ ಹಾಕಿ ಬಲಿಕೊಟ್ಟರು ಎಂದು ಮರುದಿನದ ಪತ್ರಿಕೆ ಬರೆಯಿತು. ಕಥೆ ಹೇಳಿದವರು ತಾಲ್ ಅವರೇ. ಇದನ್ನು ಮಾದರಿಯಾಗಿ ಯಾರೂ ಹಿಡಿಯಬೇಡಿ. ನೀರಾನೆ ಎಲ್ಲರಿಗೂ ಒಲಿಯುವುದಿಲ್ಲ.

ಸಾಮಾನ್ಯರಿಗೆ ಆಗಿಬರುವ ಕ್ರಮ ಹಳೆಯದೇ. ಮೊದಲು ಚೆಕ್‌ಗಳನ್ನು ನೋಡು, ಆಮೇಲೆ ಹೊಡೆತಗಳನ್ನು, ಆಮೇಲೆ ಬೆದರಿಕೆಗಳನ್ನು. ಈ ಮೂರರಲ್ಲಿ ಎದುರಾಳಿಯ ಉತ್ತರಗಳು ಕಡಿಮೆ, ಆದ್ದರಿಂದ ಮನುಷ್ಯನ ತಲೆಯಲ್ಲೂ ದೂರದವರೆಗೆ ನೋಡಬಹುದು. ಆದರೆ ಇದನ್ನು ಹೇಳಿಕೊಡುವವರು ಒಂದು ಮಾತನ್ನು ಸೇರಿಸುವುದಿಲ್ಲ: ಹುಚ್ಚಾಟವೆನಿಸುವ ಚೆಕ್ಕು, ಹೊಡೆತಗಳನ್ನೂ ನೋಡಬೇಕು. 1912ರಲ್ಲಿ ಬ್ರೆಸ್ಲೌ ನಗರದಲ್ಲಿ ಅಮೆರಿಕದ ಫ್ರಾಂಕ್ ಮಾರ್ಷಲ್ ರಷ್ಯದ ಲೆವಿಟ್ಸ್ಕಿ ಎದುರು 23ನೇ ನಡೆಯಲ್ಲಿ ತಮ್ಮ ರಾಣಿಯನ್ನು ಜಿ3ರಲ್ಲಿ ತಂದಿಟ್ಟರು. ಎರಡು ಕಾಲಾಳುಗಳು, ಒಂದು ರಾಣಿ, ಹೀಗೆ ಮೂರು ಕಡೆಯಿಂದ ಹೊಡೆಯಬಹುದಾದ ಮನೆ. ಎಚ್ ಕಾಲಾಳು ಹೊಡೆದರೆ ಕುದುರೆ ಇ2ರಲ್ಲಿ ಮೇಟ್. ಎಫ್ ಕಾಲಾಳು ಹೊಡೆದರೆ ಕುದುರೆಯ ಚೆಕ್, ಆಮೇಲೆ ಎಫ್1ರಲ್ಲಿ ಆನೆಯಿಂದ ಮೇಟ್. ರಾಣಿಯೇ ಹೊಡೆದರೆ ಕುದುರೆ ಚೆಕ್ ಕೊಟ್ಟು ರಾಣಿಯನ್ನು ಹಿಂದಕ್ಕೆ ಪಡೆದು ಒಂದು ಕಾಯಿ ಮುಂದಿರುತ್ತದೆ. ಸುಮ್ಮನಿದ್ದರೆ ಎಚ್2ರಲ್ಲಿ ಮೇಟ್. ಲೆವಿಟ್ಸ್ಕಿ ಆಟ ಬಿಟ್ಟುಕೊಟ್ಟರು. ನೋಡುಗರು ಮಣೆಯ ಮೇಲೆ ಚಿನ್ನದ ನಾಣ್ಯ ಸುರಿದರು ಎಂದು ಕಥೆಯಿದೆ. ಅದು ನಿಜವೇ ಎಂಬ ವಾದ ಇನ್ನೂ ಮುಗಿದಿಲ್ಲ. ನಡೆಯಂತೂ ನಿಜ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮೊನ್ನೆ ಮೊನ್ನೆಯ ಪಂದ್ಯ. 2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಷಿಪ್‌ನ 14ನೇ, ಕೊನೆಯ ಪಂದ್ಯ. ಅಲ್ಲಿಯವರೆಗೆ ಡಿಂಗ್ ಲಿರೆನ್ ಮತ್ತು ಡಿ. ಗುಕೇಶ್ ಸಮಸಮ. ಡಿಂಗ್ ಬಳಿ ಬಿಳಿ ಕಾಯಿಗಳು. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು, ಆದರೆ ಎಲ್ಲರೂ ಡ್ರಾ ಎಂದೇ ಎಣಿಸಿದ್ದರು. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2ಕ್ಕೆ ತಂದು ಆನೆಗಳ ವಿನಿಮಯಕ್ಕೆ ಕರೆದರು. ನೋಡಲು ಎಷ್ಟು ಸಹಜ! ಕಾಯಿ ಕಡಿಮೆಯಾದಷ್ಟೂ ಡ್ರಾ ಹತ್ತಿರ ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಆದರೆ ಬಿಳಿ ಬಿಷಪ್ ಎ8ರ ಮೂಲೆಯಲ್ಲಿತ್ತು. ಆನೆಗಳು ಹೋದ ಕೂಡಲೇ ಗುಕೇಶ್ ತಮ್ಮ ಬಿಷಪ್ಪನ್ನು ಡಿ5ಕ್ಕೆ ತಂದರು. ಮೂಲೆಯಲ್ಲಿರುವ ಬಿಷಪ್ಪಿಗೆ ಇರುವುದು ಅದೊಂದೇ ಓರೆಸಾಲು. ತಪ್ಪಿಸಿಕೊಳ್ಳಲು ಮನೆಯಿಲ್ಲ, ವಿನಿಮಯ ಖಚಿತ. ಉಳಿಯುವುದು ರಾಜ ಮತ್ತು ಕಾಲಾಳುಗಳು, ಅಲ್ಲಿ ಒಂದು ಕಾಲಾಳು ಹೆಚ್ಚಿರುವವರಿಗೆ ಗೆಲುವು. 58 ನಡೆಗಳಿಗೆ ಆಟ ಮುಗಿಯಿತು, 18 ವರ್ಷದ ಗುಕೇಶ್ ಚಾಂಪಿಯನ್ ಆದರು.

ಆ ತಪ್ಪು ತಮಗೆ ತಕ್ಷಣ ಕಾಣಲಿಲ್ಲ, ಆನೆಯನ್ನು ಬಿ3ಕ್ಕೆ ಆಡುವುದರಲ್ಲಿದ್ದೆ ಎಂದು ಗುಕೇಶ್ ಅವರೇ ಆಮೇಲೆ ಹೇಳಿದರು. ಆಡಿಬಿಟ್ಟಿದ್ದರೆ ಗೆಲುವು ಕೈತಪ್ಪುತ್ತಿತ್ತು. ಅಂದರೆ ಆ ಕ್ಷಣದಲ್ಲಿ ಅವರ ಪಟ್ಟಿಯೂ ಹಳೆಯ ಸ್ಥಿತಿಯ ಪಟ್ಟಿಯೇ ಆಗಿತ್ತು. ಅವರನ್ನು ಉಳಿಸಿದ್ದು ಆಡುವ ಮುನ್ನ ಮತ್ತೊಮ್ಮೆ ಮಣೆ ನೋಡಿದ್ದು: ಎದುರಾಳಿಯ ಈ ನಡೆಯಿಂದ ಏನು ಬದಲಾಯಿತು, ಯಾವ ಕಾಯಿ ಯಾವ ಕೆಲಸ ಬಿಟ್ಟು ಬಂತು, ಯಾವುದಕ್ಕೆ ಹೋಗಲು ಮನೆ ಉಳಿದಿಲ್ಲ. ಹೊಡೆತ ಹುಡುಕುವ ಎಲ್ಲ ಉಪಾಯಗಳ ನಡುವೆ ನಾನು ಮೊದಲ ಸ್ಥಾನ ಕೊಡುವುದು ಈ ಒಂದು ಅಭ್ಯಾಸಕ್ಕೆ. ನಮ್ಮ ಯೋಜನೆಯ ಗುಂಗಿನಲ್ಲಿದ್ದಾಗ ಎದುರಾಳಿಯ ನಡೆ ನಮಗೆ ಒಂದು ಅಡಚಣೆಯಾಗಿ ಕಾಣುತ್ತದೆಯೇ ಹೊರತು ಸುದ್ದಿಯಾಗಿ ಕಾಣುವುದಿಲ್ಲ.

ಕಂಪ್ಯೂಟರಿನ ವಿಷಯಕ್ಕೆ ಬರುತ್ತೇನೆ. 1997ರಲ್ಲಿ ಕಾಸ್ಪರೋವ್‌ರನ್ನು ಸೋಲಿಸಿದ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು. ಈಗ ಫೋನಿನಲ್ಲಿರುವ ಎಂಜಿನ್‌ಗಳು ಅದಕ್ಕಿಂತ ಬಹಳ ಬಲಶಾಲಿ. ಎಚ್7ರ ಮೇಟಾಗಲಿ ಸಿ8ರ ಆನೆಯಾಗಲಿ ಅವುಗಳಿಗೆ ತಪ್ಪುವುದಿಲ್ಲ, ಏಕೆಂದರೆ ಅವುಗಳಿಗೆ ನಾಚಿಕೆಯಿಲ್ಲ. ಪೆದ್ದುತನವೆನಿಸುವ ನಡೆಯನ್ನೂ ಒಮ್ಮೆ ಮುಟ್ಟಿ ನೋಡುತ್ತವೆ. ಆದರೆ ಎಂಜಿನ್ ನಮಗೆ ತೋರಿಸುವುದು ಸರಿಯಾದ ನಡೆಯನ್ನು. ಅದು ನಮ್ಮ ಪಟ್ಟಿಯಲ್ಲಿ ಏಕಿರಲಿಲ್ಲ ಎಂಬುದಕ್ಕೆ ಅದರ ಬಳಿ ಉತ್ತರವಿಲ್ಲ. ಸೋತ ಹುಡುಗಿಗೆ ಬೇಕಾದದ್ದು ಆ ಎರಡನೇ ಉತ್ತರ.

ಸಮಸ್ಯೆ ಬಿಡಿಸುವ ಅಭ್ಯಾಸದಲ್ಲೂ ಇದೇ ತೊಡಕು. ಬಿಳಿ ಆಡಿ ಗೆಲ್ಲಬೇಕು ಎಂದು ಮೇಲೆ ಬರೆದಿರುತ್ತಾರೆ. ಅದನ್ನು ಓದಿದ ಕೂಡಲೇ ಅರ್ಧ ಕೆಲಸ ಮುಗಿಯಿತು. ಮಗು ನೇರವಾಗಿ ರಾಣಿ ಬಲಿಕೊಡಲು ಹೊರಡುತ್ತದೆ. ಟೂರ್ನಿಯಲ್ಲಿ ಈಗ ಹುಡುಕು ಎಂದು ಯಾರೂ ಗಂಟೆ ಬಾರಿಸುವುದಿಲ್ಲ. ದಿನಕ್ಕೆ ಐವತ್ತು ಸಮಸ್ಯೆ ಬಿಡಿಸುವ ಮಕ್ಕಳು ಪಂದ್ಯದಲ್ಲಿ ಅವೇ ಹೊಡೆತಗಳನ್ನು ಬಿಟ್ಟು ಬರುವುದು ಇದರಿಂದಲೇ.

ಆದ್ದರಿಂದ ಕೋಚ್‌ಗಳಲ್ಲಿ ನನ್ನ ಕೋರಿಕೆ. ಹತ್ತು ಸ್ಥಿತಿ ಕೊಡುವಾಗ ಮೂರ್ನಾಲ್ಕರಲ್ಲಿ ಯಾವ ಹೊಡೆತವೂ ಇರದಂತೆ ನೋಡಿಕೊಳ್ಳಿ. ಸುಮ್ಮನೆ ಒಂದು ಆನೆಯನ್ನು ತೆರೆದ ಸಾಲಿಗೆ ತರುವುದೇ ಅಲ್ಲಿ ಸರಿಯಾದ ನಡೆಯಾಗಿರಲಿ. ಇಂಥದ್ದು ಯಾವುದು ಎಂದು ಮೊದಲೇ ಹೇಳಬೇಡಿ. ಪ್ರತಿ ಸ್ಥಿತಿಗೂ ಎದುರಾಳಿಯ ಹಿಂದಿನ ನಡೆ ಏನೆಂದು ತಪ್ಪದೆ ಬರೆಯಿರಿ. ತಂದೆತಾಯಿಯರೇ, ಮಗು ಸೋತು ಹೊರಗೆ ಬಂದಾಗ ಅಲ್ಲೇ ನಿಂತು ಫೋನಿನಲ್ಲಿ ಎಂಜಿನ್ ತೆರೆಯಬೇಡಿ. ಊಟ ಮಾಡಿಸಿ. ಮನೆಗೆ ಹೋದ ಮೇಲೆ ಆ ಸ್ಥಿತಿಯನ್ನು ಮಣೆಯ ಮೇಲೆ ಇಡಿಸಿ, ಇಲ್ಲಿ ನೀನು ಯಾವ ಯಾವ ನಡೆ ನೋಡಿದೆ ಎಂದಷ್ಟೇ ಕೇಳಿ, ಅದನ್ನು ಅವರ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆಸಿ. ಎಂಜಿನ್ ಅದಾದ ಮೇಲೆ.